ಅಂಗಳದಿಂದ ತೋಡಿನವರೆಗೆ: ಮಳೆನೀರಿನ ಹೊಣೆಯನ್ನೂ ಖರ್ಚನ್ನೂ ಲೆಕ್ಕ ಹಾಕುವ ಬಗೆ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬುದು ಈ ಬರಹದುದ್ದಕ್ಕೂ ನೆನಪಿಡಬೇಕಾದ ಒಂದೇ ಸೂತ್ರ. ಆ ಪ್ರಕಾರ ನೂರು ಚದರ ಮೀಟರಿನ ಮಾಡೊಂದರ (ಚಾವಣಿಯ) ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ನೀರು ಇಳಿಯುತ್ತದೆ. ಮಣ್ಣಿನ ಅಂಗಳವಿದ್ದ ಕಾಲದಲ್ಲಿ ಅದರಲ್ಲಿ ದೊಡ್ಡ ಪಾಲು ಅಲ್ಲಲ್ಲೇ ಇಂಗುತ್ತಿತ್ತು. ಈಗ ಗೇಟಿನಿಂದ ಜಗಲಿಯವರೆಗೆ ಇಂಟರ್‌ಲಾಕ್ ಹಾಸಿದ ಮನೆಗಳಿಂದ ಅದು ನೇರವಾಗಿ ರಸ್ತೆಗೆ ಬರುತ್ತದೆ, ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ತೋಡಿಗೆ (ಸಣ್ಣ ಹಳ್ಳಕ್ಕೆ), ತೋಡು ತುಂಬಿದರೆ ತಗ್ಗಿನ ಮನೆಯವರ ಅಡುಗೆಕೋಣೆಗೆ. ಈ ನೀರನ್ನು ಸಾಗಿಸುವ ಖರ್ಚನ್ನು ಯಾರು ಎಷ್ಟು ಹೊರಬೇಕು, ಸಾಗಿಸುವ ಮೊದಲೇ ಅದನ್ನು ಹೇಗೆ ತಗ್ಗಿಸಬಹುದು ಎಂಬುದನ್ನು ಮನೆಯವರು, ಬಡಾವಣೆಯ ಸಮಿತಿಗಳು ಮತ್ತು ವಾರ್ಡಿನ ಸದಸ್ಯರು ತಾವೇ ಲೆಕ್ಕ ಹಾಕಿಕೊಳ್ಳಲು ನೆರವಾಗುವಂತೆ ಮುಂದಿನ ವಿವರಗಳನ್ನು ಬರೆಯಲಾಗಿದೆ.

ಮೊದಲು ಜಾಗವನ್ನು ಅಳೆಯಿರಿ

ಜಾಗದ ದಾಖಲೆಯಾದ ಆಧಾರಪತ್ರದಲ್ಲಿರುವ ಸೆಂಟ್ ಲೆಕ್ಕ ಇಲ್ಲಿ ಸಾಲದು. ಒಂದು ಸೆಂಟ್ ಎಂದರೆ 40.47 ಚದರ ಮೀಟರ್; ಹನ್ನೆರಡು ಸೆಂಟಿನ ಹಿತ್ತಿಲು ಸುಮಾರು 485 ಚದರ ಮೀಟರ್ ಆಗುತ್ತದೆ. ಆದರೆ ತಿಳಿಯಬೇಕಾದದ್ದು ಅದರಲ್ಲಿ ನೀರು ಇಂಗದ ಜಾಗವೆಷ್ಟು ಎಂಬುದು. ಟೇಪು ಹಿಡಿದು ಮೂರು ಅಂಕಿಗಳನ್ನು ಬರೆದುಕೊಳ್ಳಿ: ಮಾಡು, ಗಟ್ಟಿ ಅಂಗಳ, ಬಿಟ್ಟ ಮಣ್ಣು. ಹಂಚಿನ ಇಳಿಜಾರು ಮಾಡನ್ನು ಅಳೆಯುವಾಗ ಹಂಚಿನ ಮೇಲ್ಮೈಯ ಉದ್ದ ಹಿಡಿಯಬಾರದು. ಸೂರಿನಿಂದ ಸೂರಿಗೆ ನೆಲದ ಮೇಲೆ ಅಳೆಯಬೇಕು, ಏಕೆಂದರೆ ಮಳೆ ಮೇಲಿನಿಂದ ಕಾಣುವುದು ಅಷ್ಟೇ ಜಾಗ. ಅಡಿಕೆ ಒಣಗಿಸಲು ಸಿಮೆಂಟು ಮಾಡಿದ ಅಂಗಳ, ಕಾರು ನಿಲ್ಲಿಸುವ ಶೀಟಿನ ಚಪ್ಪರ, ಬಾವಿಕಟ್ಟೆಯ ಸುತ್ತಲಿನ ಕಾಂಕ್ರೀಟು, ದನದ ಹಟ್ಟಿಯ ಮಾಡು ಇವನ್ನೆಲ್ಲ ಸೇರಿಸಿಕೊಳ್ಳಬೇಕು. ಸಾಮಾನ್ಯವಾಗಿ ಮರೆತುಹೋಗುವುದು ಇವೇ.

ಆಮೇಲೆ ಪ್ರತಿಯೊಂದು ಬಗೆಯ ನೆಲದಿಂದ ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದುಹೋಗುತ್ತದೆ ಎಂಬ ಅಂದಾಜನ್ನು ಬಳಸಬೇಕು. ಮಾಡಿಗೆ ಹತ್ತರಲ್ಲಿ ಒಂಬತ್ತು ಪಾಲು, ಕಾಂಕ್ರೀಟಿನ ಮೇಲೆ ಕೂರಿಸಿದ ಇಂಟರ್‌ಲಾಕಿಗೆ ಎಂಟು, ಗಿಡಮರಗಳಿರುವ ಮಣ್ಣಿಗೆ ಎರಡು ಎಂದು ಹಿಡಿದರೆ ಮನೆಮಟ್ಟದ ಲೆಕ್ಕಕ್ಕೆ ಸಾಕು. ಮೇಲೆ ಹೇಳಿದ ಹನ್ನೆರಡು ಸೆಂಟಿನಲ್ಲಿ ಮಾಡು 130, ಇಂಟರ್‌ಲಾಕ್ 150, ಮಣ್ಣು 205 ಚದರ ಮೀಟರ್ ಇದೆ ಎಂದಿಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಂದಾಗ ಮಾಡಿನಿಂದ 5,850 ಲೀಟರ್, ಅಂಗಳದಿಂದ 6,000 ಲೀಟರ್, ಮಣ್ಣಿನಿಂದ 2,050 ಲೀಟರ್, ಒಟ್ಟು 13,900 ಲೀಟರ್ ಗೇಟು ದಾಟುತ್ತದೆ. ಅದೇ ಜಾಗ ಪೂರ್ತಿ ಮಣ್ಣಾಗಿದ್ದಾಗ ಹರಿಯುತ್ತಿದ್ದದ್ದು 4,850 ಲೀಟರ್ ಮಾತ್ರ. ಮಳೆಗಿಂತ ಹೆಚ್ಚಾಗಿ ಅಂಗಳವೇ ಬದಲಾಗಿದೆ ಎಂಬುದು ಇದರಿಂದ ತಿಳಿಯುತ್ತದೆ, ಮತ್ತು ಮಾಡಿಗಿಂತ ಅಂಗಳದ ನೀರೇ ಹೆಚ್ಚು ಎಂಬುದನ್ನೂ ಗಮನಿಸಬೇಕು.

ಇಲ್ಲಿ ದಿನದ ಮಳೆಯ ಅಂಕಿಗಿಂತ ಗಂಟೆಯ ಮಳೆಯ ಅಂಕಿ ಮುಖ್ಯ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ ಎಂದೂ 204.4 ಮಿಲಿಮೀಟರ್ ಮೀರಿದರೆ ಅತ್ಯಂತ ಭಾರೀ ಮಳೆ ಎಂದೂ ವರ್ಗೀಕರಿಸುತ್ತದೆ. ಆದರೆ ಇಡೀ ದಿನ ಸಣ್ಣಗೆ ಸುರಿದ ನೂರು ಮಿಲಿಮೀಟರನ್ನು ಚರಂಡಿ ಸುಲಭವಾಗಿ ಹೊತ್ತೊಯ್ಯುತ್ತದೆ, ಒಂದೇ ಗಂಟೆಯಲ್ಲಿ ಬಂದ ಐವತ್ತನ್ನು ಹೊರಲಾರದು.

ಚರಂಡಿಯ ಲೆಕ್ಕ

ಮೇಲಿನಂಥ ನೂರು ಮನೆಗಳ ನೀರು ಒಂದೇ ಚರಂಡಿಗೆ ಬಂದರೆ ಸೆಕೆಂಡಿಗೆ ಸುಮಾರು 386 ಲೀಟರ್ ಹರಿಯುತ್ತದೆ. ಅರುವತ್ತು ಸೆಂಟಿಮೀಟರ್ ಅಗಲದ ಚರಂಡಿಯಲ್ಲಿ ಐವತ್ತು ಸೆಂಟಿಮೀಟರ್ ಆಳದ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೋದರೆ ಅದು ಸಾಗಿಸಬಲ್ಲದ್ದು 300 ಲೀಟರ್. ಅದೇ ನೂರು ಹಿತ್ತಿಲುಗಳು ಮಣ್ಣಾಗಿದ್ದಾಗ ಬರುತ್ತಿದ್ದದ್ದು 135 ಲೀಟರ್. ಚರಂಡಿ ಅರ್ಧಕ್ಕೂ ಕಡಿಮೆ ತುಂಬುತ್ತಿತ್ತು. ಹೂಳೂ ಪ್ಲಾಸ್ಟಿಕ್ಕೂ ಸೇರಿ ಚರಂಡಿಯ ಆಳ ಕಡಿಮೆಯಾಗಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಚರಂಡಿ ಸಣ್ಣದಾಯಿತು ಎಂದು ದೂರುವ ಮೊದಲು 135 ಮತ್ತು 386 ಎಂಬ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ನಂತರ ಆ ಚರಂಡಿ ಯಾರದೆಂದು ಗುರುತಿಸಬೇಕು, ಏಕೆಂದರೆ ಅರ್ಜಿ ತಪ್ಪು ಕಚೇರಿಗೆ ಹೋದರೆ ಒಂದು ಮಳೆಗಾಲವೇ ಕಳೆದುಹೋಗುತ್ತದೆ. ನಮ್ಮಲ್ಲಿ ನೀರು ಪೂರ್ವದ ಗುಡ್ಡೆಗಳಿಂದ ಪಶ್ಚಿಮದ ಕಡಲಿಗೆ ಇಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಮತ್ತು ರೈಲುಹಳಿ ಕರಾವಳಿಗುಂಟ ಉತ್ತರ ದಕ್ಷಿಣವಾಗಿ ಸಾಗುತ್ತವೆ. ಹಾಗಾಗಿ ಪೂರ್ವದಿಂದ ಬರುವ ಹೆಚ್ಚಿನ ತೋಡುಗಳು ಕಡಲು ಸೇರುವ ಮೊದಲು ಈ ಎರಡನ್ನು ಮೋರಿಗಳ (ರಸ್ತೆ, ಹಳಿಗಳ ಅಡಿಯ ನೀರುದಾರಿಗಳ) ಮೂಲಕ ದಾಟಬೇಕು, ಮತ್ತು ಇಡೀ ಬೈಲಿನ ನೀರಿನ ಮಟ್ಟವನ್ನು ನಿರ್ಧರಿಸುವುದು ಹಲವು ಬಾರಿ ಆ ಒಂದು ಮೋರಿಯ ಅಗಲವೇ. ಹೆದ್ದಾರಿಯ ಬದಿಯ ಚರಂಡಿ ಹೆದ್ದಾರಿ ಪ್ರಾಧಿಕಾರಕ್ಕೆ, ಹಳಿಯಡಿಯ ಮೋರಿ ರೈಲ್ವೆಗೆ, ಲೋಕೋಪಯೋಗಿ ರಸ್ತೆಯ ಚರಂಡಿ ಆ ಇಲಾಖೆಗೆ, ಒಳರಸ್ತೆಗಳದ್ದು ಪಂಚಾಯತಿಗೆ ಅಥವಾ ನಗರಸಭೆಗೆ ಸೇರಿದ್ದು. ಒಂದೇ ನೀರು ನಾಲ್ಕು ಯಜಮಾನರ ಜಾಗದಲ್ಲಿ ಹಾದುಹೋಗುವುದರಿಂದ ನಕ್ಷೆಯೊಂದನ್ನು ಕೈಯಲ್ಲೇ ಬರೆದು, ಯಾವ ತುಂಡು ಯಾರದೆಂದು ಗುರುತು ಹಾಕಿ ಅರ್ಜಿಯೊಂದಿಗೆ ಲಗತ್ತಿಸಬೇಕು.

ಹಣ ಎಲ್ಲಿಂದ: ಬೇರೆ ನಗರಗಳ ದಾರಿ

ಮಳೆನೀರು ಸಾಗಿಸುವ ವೆಚ್ಚವನ್ನು ಆಸ್ತಿ ತೆರಿಗೆಯಿಂದಲೇ ಭರಿಸುವುದು ಹಳೆಯ ಪದ್ಧತಿ. ಅದರಲ್ಲಿ ಒಂದು ಮೂಲಭೂತ ದೋಷವಿದೆ. ಕೇರಳದಲ್ಲಿ ಕಟ್ಟಡ ತೆರಿಗೆ ನಿಗದಿಯಾಗುವುದು ಕಟ್ಟಡದ ವಿಸ್ತೀರ್ಣದ ಮೇಲೆ. ಒಂದೇ ಅಡಿಪಾಯದ ಮೇಲೆ ಎರಡು ಮಹಡಿ ಕಟ್ಟಿದವನ ಲೆಕ್ಕದಲ್ಲಿ ವಿಸ್ತೀರ್ಣ ಇಮ್ಮಡಿಯಾಗುತ್ತದೆ, ಆದರೆ ಅವನ ಮಾಡಿನಿಂದ ಇಳಿಯುವ ನೀರು ಒಂದು ಹನಿಯೂ ಹೆಚ್ಚುವುದಿಲ್ಲ. ಪಕ್ಕದಲ್ಲೇ ಸಣ್ಣ ಮನೆ ಕಟ್ಟಿ ಇಪ್ಪತ್ತು ಸೆಂಟ್ ಪೂರ್ತಿ ಇಂಟರ್‌ಲಾಕ್ ಹಾಸಿದವನ ಅಂಗಳ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ತೆರಿಗೆ ಮಹಡಿಗಳನ್ನು ಎಣಿಸುತ್ತದೆ, ಮಳೆ ಮಾತ್ರ ಮುಚ್ಚಿದ ನೆಲವನ್ನು ಎಣಿಸುತ್ತದೆ. ತೆರಿಗೆ ದರ ಏರಿಸುವುದರಿಂದ ಈ ದೋಷ ಸರಿಹೋಗದು.

ಇದನ್ನು ಸರಿಪಡಿಸಲು ಕೆಲವು ನಗರಗಳು ಮಳೆನೀರಿಗೆ ಪ್ರತ್ಯೇಕ ಸೇವಾಶುಲ್ಕ ವಿಧಿಸುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರ 1974ರಲ್ಲೇ ಕುಡಿಯುವ ನೀರಿನ ಮಂಡಳಿಯಂತೆ ಮಳೆನೀರಿಗೂ ಒಂದು ವ್ಯವಸ್ಥೆಯನ್ನು ರೂಪಿಸಿತು. ಜರ್ಮನಿಯ ಬರ್ಲಿನ್ ನಗರದಲ್ಲಿ 2000ದಿಂದ ಕೊಳಚೆನೀರಿನ ಶುಲ್ಕ ಬೇರೆ, ಮಳೆನೀರಿನ ಶುಲ್ಕ ಬೇರೆ. ಎರಡನೆಯದು ಚರಂಡಿಗೆ ನೀರು ಬಿಡುವ ಗಟ್ಟಿ ನೆಲದ ಪ್ರತಿ ಚದರ ಮೀಟರಿಗೆ ಇಂತಿಷ್ಟು ಎಂದು ಬೀಳುತ್ತದೆ. ಮಾಡಿನ ನೀರನ್ನು ತನ್ನ ಹಿತ್ತಿಲಲ್ಲೇ ಇಂಗಿಸಿಕೊಂಡವನ ಮಾಡು ಆ ಲೆಕ್ಕದಿಂದ ಹೊರಗೆ. ಅಮೆರಿಕದ ಮಿನಿಯಾಪೊಲಿಸ್ ನಗರ 2005ರಿಂದ ಇಂಥದ್ದೇ ಶುಲ್ಕ ಸಂಗ್ರಹಿಸುತ್ತಿದೆ, ಆದರೆ ಪ್ರತಿ ಮನೆಯ ಚಿಲ್ಲರೆ ಅಂಕಿಗಳ ಬದಲು 1,530 ಚದರ ಅಡಿ ಗಟ್ಟಿ ನೆಲವನ್ನು ಒಂದು ಘಟಕವೆಂದು ಹಿಡಿಯುತ್ತದೆ. ನಮ್ಮ ಅಳತೆಯಲ್ಲಿ ಅದು ಮೂರೂವರೆ ಸೆಂಟ್. ಹೀಗೆ ಘಟಕ ಮಾಡಿಕೊಂಡರೆ ಬಿಲ್ಲು ಬರೆಯುವುದೂ ಸುಲಭ, ತಕರಾರೂ ಕಡಿಮೆ. ಅದೇ ದೇಶದ ಫಿಲಡೆಲ್ಫಿಯಾದಲ್ಲಿ 2010ರಿಂದ ವಾಣಿಜ್ಯ ಆಸ್ತಿಗಳಿಗೆ ಜಾಗದ ಒಟ್ಟು ವಿಸ್ತೀರ್ಣ ಮತ್ತು ಗಟ್ಟಿ ನೆಲ ಎರಡನ್ನೂ ನೋಡಿ ಶುಲ್ಕ ಹಾಕುತ್ತಾರೆ. ವಾಸದ ಮನೆಗಳಿಗೆ ಮಾತ್ರ ಸರಾಸರಿ ಲೆಕ್ಕದ ಒಂದೇ ದರ. ಅಲ್ಲಿ ಆಗ ಕಂಡ ವ್ಯತ್ಯಾಸ ತಿಳಿದುಕೊಳ್ಳಬೇಕಾದದ್ದು: ಅದುವರೆಗೆ ಶುಲ್ಕ ಕುಡಿಯುವ ನೀರಿನ ಮೀಟರಿಗೆ ಹೊಂದಿಕೊಂಡಿತ್ತು, ಆದ್ದರಿಂದ ನಲ್ಲಿಯೇ ಇಲ್ಲದ ದೊಡ್ಡ ಪಾರ್ಕಿಂಗ್ ಜಾಗಗಳು ಬಹುತೇಕ ಪುಕ್ಕಟೆಯಾಗಿ ನೀರು ಹರಿಸುತ್ತಿದ್ದವು.

ಈ ಎಲ್ಲ ಕಡೆಯೂ ಶುಲ್ಕದ ಬೆನ್ನಿಗೆ ರಿಯಾಯಿತಿ ಇದೆ. ಇಂಗುಗುಂಡಿ, ತೊಟ್ಟಿ, ನೀರು ಇಳಿಯುವ ಹಾಸು ಮಾಡಿದವರಿಗೆ ಬಿಲ್ಲು ಕಡಿಮೆಯಾಗುತ್ತದೆ. ನನ್ನ ಎಣಿಕೆಯಲ್ಲಿ ಈ ಪದ್ಧತಿಯ ಜೀವ ಇರುವುದು ಶುಲ್ಕದಲ್ಲಲ್ಲ, ರಿಯಾಯಿತಿಯಲ್ಲಿ. ಅದಿಲ್ಲದಿದ್ದರೆ ಇದೂ ಹೆಸರು ಬದಲಿಸಿದ ಇನ್ನೊಂದು ತೆರಿಗೆಯಷ್ಟೇ ಆಗುತ್ತಿತ್ತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 2012ರ ಕಾನೂನಿನ ಪ್ರಕಾರ ಇಂಥ ಶುಲ್ಕ ಕಡ್ಡಾಯವಾದಾಗ ವಿರೋಧಿಗಳು ಅದನ್ನು ಮಳೆಯ ಮೇಲಿನ ತೆರಿಗೆ ಎಂದು ಕರೆದು ಪ್ರಚಾರ ಮಾಡಿದರು, 2015ರಲ್ಲಿ ಕಡ್ಡಾಯವನ್ನು ಸಡಿಲಿಸಬೇಕಾಯಿತು.

ನಮ್ಮಲ್ಲಿ ಹಣ ಬರುವ ಬಾಗಿಲುಗಳು

ಕಾಸರಗೋಡಿನ ಮನೆಗಳಿಗೆ ಮಳೆನೀರಿನ ಬಿಲ್ಲು ಬರುವುದಿಲ್ಲ. ಕಟ್ಟಡ ತೆರಿಗೆ ಸ್ಥಳೀಯ ಸಂಸ್ಥೆಯ ಸ್ವಂತ ನಿಧಿಗೆ ಹೋಗುತ್ತದೆ. ಅದರ ಜೊತೆಗೆ ರಾಜ್ಯ ಬಜೆಟಿನಿಂದ ಯೋಜನಾ ನಿಧಿ, ನಿರ್ವಹಣಾ ನಿಧಿ ಮತ್ತು ಸಾಮಾನ್ಯ ಉದ್ದೇಶದ ನಿಧಿ ಬರುತ್ತವೆ. ಬಜೆಟಿನ ನಾಲ್ಕನೆಯ ಅನುಬಂಧದಲ್ಲಿ ಪ್ರತಿ ಪಂಚಾಯತಿ ಮತ್ತು ನಗರಸಭೆಯ ಪಾಲು ಅಂಕಿಗಳಲ್ಲಿ ಅಚ್ಚಾಗಿರುತ್ತದೆ. ಸಭೆಗೆ ಹೋಗುವ ಮೊದಲು ಅದನ್ನು ನೋಡಿಕೊಂಡರೆ ಹಣವಿಲ್ಲ ಎಂಬ ಮಾತಿನ ತೂಕ ತಿಳಿಯುತ್ತದೆ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ನೀಡಿದ ಅನುದಾನದಲ್ಲಿ ನೂರಕ್ಕೆ ಅರುವತ್ತನ್ನು ನಿರ್ದಿಷ್ಟ ಉದ್ದೇಶಕ್ಕೆ ಕಟ್ಟಿಹಾಕಿತ್ತು. ಅದರ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆಕೊಯ್ಲು ಮತ್ತು ನೀರಿನ ಮರುಬಳಕೆಗೆ. ಇಂಗುಗುಂಡಿ, ಬಾವಿಗೆ ಮರುಪೂರಣ, ಗುಡ್ಡೆಯ ಕಂದಕಗಳಂಥ ಕೆಲಸಗಳು ಉದ್ಯೋಗ ಖಾತರಿ ಯೋಜನೆಯಡಿಯಲ್ಲೂ ನಡೆದಿವೆ. 2016ರ ಡಿಸೆಂಬರಿನಲ್ಲಿ ಆರಂಭವಾದ ಹರಿತ ಕೇರಳಂ ಮಿಷನ್ ಎಂಬ ರಾಜ್ಯ ಸರಕಾರದ ಯೋಜನೆ ತೋಡುಗಳ ಪುನಶ್ಚೇತನವನ್ನು ಕೈಗೆತ್ತಿಕೊಂಡಿತು.

ಇವುಗಳಲ್ಲಿ ಯಾವ ಬಾಗಿಲು ತಟ್ಟಬೇಕೆಂಬುದು ಕೆಲಸದ ಸ್ವರೂಪವನ್ನು ಅವಲಂಬಿಸಿದೆ. ಹೂಳು ತೆಗೆಯುವುದು ವರ್ಷವರ್ಷದ ಕೆಲಸ, ಅದನ್ನು ಮಳೆಗಾಲಪೂರ್ವ ಶುಚೀಕರಣದ ಹಣದಲ್ಲಿ ಮೇ ತಿಂಗಳೊಳಗೆ ಮಾಡಿಸಬೇಕು. ಅದಕ್ಕೆ ಯೋಜನೆ ಬರೆದು ಕೂತರೆ ಮಳೆ ಬಂದುಬಿಡುತ್ತದೆ. ಹೊಸ ಮೋರಿ ಅಥವಾ ಚರಂಡಿ ಬೇಕಿದ್ದರೆ ಗ್ರಾಮಸಭೆಯಲ್ಲಿ, ನಗರಸಭೆಯಾದರೆ ವಾರ್ಡ್ ಸಭೆಯಲ್ಲಿ, ಬರಹದಲ್ಲಿ ಬೇಡಿಕೆ ಇಡಬೇಕು. ಅಲ್ಲಿಂದ ಅದು ಕಾರ್ಯತಂಡ, ಅಭಿವೃದ್ಧಿ ವಿಚಾರಗೋಷ್ಠಿ, ಆಡಳಿತ ಸಮಿತಿ ದಾಟಿ ಜಿಲ್ಲಾ ಯೋಜನಾ ಸಮಿತಿಯ ಅನುಮೋದನೆಗೆ ಹೋಗುತ್ತದೆ. ಏಪ್ರಿಲಿನಲ್ಲಿ ಆರಂಭವಾಗುವ ವರ್ಷದ ಯೋಜನೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಸಿದ್ಧವಾಗುವುದರಿಂದ, ಜುಲೈಯಲ್ಲಿ ಮನೆಗೆ ನೀರು ನುಗ್ಗಿದಾಗ ತೆಗೆದ ಫೋಟೊ ಮತ್ತು ಗೋಡೆಯ ಮೇಲೆ ಗುರುತು ಹಾಕಿದ ಎತ್ತರವನ್ನು ಜೋಪಾನವಾಗಿ ಇಟ್ಟುಕೊಂಡು ಆ ಸಭೆಗೆ ಒಯ್ಯಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ್ದರಿಂದ ಅರ್ಜಿಯನ್ನು ಕನ್ನಡದಲ್ಲೇ ಕೊಡಲು ಅವಕಾಶವಿದೆ. ಆದರೂ ಅಂದಾಜುಪಟ್ಟಿ ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಅದರಲ್ಲಿ ‘ಓಡ’ ಎಂದಿದ್ದರೆ ನಮ್ಮ ಚರಂಡಿ, ‘ಮಳಕ್ಕುಳಿ’ ಎಂದಿದ್ದರೆ ಇಂಗುಗುಂಡಿ ಎಂದು ತಿಳಿದಿರಲಿ. ತೋಡು ಮಾತ್ರ ಎರಡು ಭಾಷೆಯಲ್ಲೂ ತೋಡೇ.

ಹಿತ್ತಿಲಲ್ಲೇ ತಗ್ಗಿಸುವ ಕ್ರಮ

ಅತಿ ಅಗ್ಗದ ಉಪಾಯವೆಂದರೆ ಹಾಸದೆ ಬಿಡುವುದು. ಕಾರಿನ ಎರಡು ಚಕ್ರಗಳು ಹೋಗುವ ಪಟ್ಟಿಗಳಿಗೆ ಮಾತ್ರ ಕಲ್ಲು ಹಾಸಿ ನಡುವೆ ಹುಲ್ಲು ಬಿಡಬಹುದು. ಇಂಟರ್‌ಲಾಕ್ ಬೇಕೇಬೇಕೆಂದಾದರೆ ಅಡಿಯಲ್ಲಿ ಕಾಂಕ್ರೀಟು ಹಾಕದೆ ಜಲ್ಲಿ ಮತ್ತು ಒರಟು ಮರಳಿನ ಮೇಲೆ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚದೆ ಹಾಸಬೇಕು. ಅಡಿಕೆಯ ಅಂಗಳಕ್ಕೆ ಈ ಮಾತು ಅಷ್ಟು ಸಲೀಸಾಗಿ ಅನ್ವಯಿಸದು, ಅಲ್ಲಿ ಗಟ್ಟಿ ನೆಲ ಬೇಕು. ಅದರ ನೀರನ್ನು ರಸ್ತೆಯ ಕಡೆಗೆ ಬಿಡುವ ಬದಲು ತೋಟದ ಕಡೆಗೆ ಇಳಿಜಾರು ಕೊಟ್ಟರೆ ಸಾಕು.

ಇಂಗುಗುಂಡಿಯ ಗಾತ್ರವನ್ನು ಕಣ್ಣಳತೆಯಲ್ಲಿ ನಿರ್ಧರಿಸಬಾರದು. ಮಾಡಿನ 130 ಚದರ ಮೀಟರಿನಿಂದ 20 ಮಿಲಿಮೀಟರ್ ಮಳೆಯ ನೀರನ್ನು ಹಿಡಿಯಲು 2,340 ಲೀಟರ್ ಜಾಗ ಬೇಕು; ಅಂದರೆ ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ, ಒಂದು ಮೀಟರಿಗಿಂತ ತುಸು ಹೆಚ್ಚು ಆಳದ ಖಾಲಿ ಗುಂಡಿ. ಆ ಗುಂಡಿಗೆ ಕಲ್ಲು ತುಂಬಿದರೆ ಸಂದುಗಳಲ್ಲಿ ಉಳಿಯುವ ಜಾಗ ಸುಮಾರು ನೂರಕ್ಕೆ ನಲುವತ್ತು ಮಾತ್ರ, ಆದ್ದರಿಂದ ಗಾತ್ರವನ್ನು ಎರಡೂವರೆ ಪಟ್ಟು ಮಾಡಬೇಕು. ಕಲ್ಲು ತುಂಬಿದ ಸಣ್ಣ ಗುಂಡಿ ತೋಡಿ, ನೀರು ಉಕ್ಕಿತೆಂದು ಮಳೆಯನ್ನು ದೂರುವವರು ಈ ಒಂದು ಗುಣಾಕಾರವನ್ನು ಬಿಟ್ಟಿರುತ್ತಾರೆ. ತೋಡುವ ಮೊದಲು ಒಂದು ಅಡಿ ಆಳದ ಪರೀಕ್ಷಾಕುಳಿಗೆ ಎರಡು ಸಲ ನೀರು ತುಂಬಿ, ಎರಡನೆಯ ಸಲ ಎಷ್ಟು ಹೊತ್ತಿಗೆ ಇಳಿಯಿತೆಂದು ನೋಡಬೇಕು. ಮರುದಿನದವರೆಗೂ ನಿಂತರೆ ಅಲ್ಲಿ ಗುಂಡಿಯಿಂದ ಪ್ರಯೋಜನವಿಲ್ಲ.

ನಮ್ಮ ನೆಲದ ಸ್ವಭಾವಕ್ಕೆ ಇಲ್ಲಿ ವಿಶೇಷ ಗಮನ ಬೇಕು. ಮುರಕಲ್ಲು (ಜಂಬಿಟ್ಟಿಗೆ) ಸಾವಿರ ತೂತುಗಳ ಕಲ್ಲು, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗಗಳಲ್ಲಿ ನೀರು ಒಸರುವುದೂ ಆ ಗುಣದಿಂದಲೇ. ಅದರಲ್ಲಿ ಇಂಗಿಸುವುದು ಸುಲಭ. ಆದರೆ ಮುರಕಲ್ಲಿನ ಅಡಿಯಲ್ಲಿ ಹಲವೆಡೆ ಶೇಡಿಮಣ್ಣು (ಮೆತ್ತನೆಯ ಜೇಡಿ) ಇದೆ, ಅದು ನೀರು ಕುಡಿದಾಗ ಬಿಗಿ ಕಳೆದುಕೊಂಡು ಜಾರುತ್ತದೆ. ಗುಡ್ಡೆ ಕಡಿದು ಮನೆ ಕಟ್ಟಿದ ಜಾಗದಲ್ಲಿ, ಹಿಂಬದಿಯ ಬರೆಯ (ಕಡಿದ ಗುಡ್ಡೆಯ ನೆಟ್ಟನೆಯ ಬದಿಯ) ನೆತ್ತಿಯ ಮೇಲೆ ಇಂಗುಗುಂಡಿ ತೋಡುವುದು ಅಪಾಯಕ್ಕೆ ಆಹ್ವಾನ. ಅಲ್ಲಿ ಬರೆಯ ಮೇಲ್ಭಾಗದಲ್ಲಿ ಅಡ್ಡಕಣಿ ಮಾಡಿ ನೀರನ್ನು ಬದಿಗೆ ತಿರುಗಿಸಿ ಇಳಿಸುವುದೇ ಸರಿ. ನೀರಿಂಗಿಸುವ ಉತ್ಸಾಹದಲ್ಲಿ ಈ ಎಚ್ಚರಿಕೆಯನ್ನು ಹೇಳದೆ ಬಿಡುವವರೇ ಹೆಚ್ಚು.

ಬಾವಿಗೆ ನೀರು ಕೊಡುವುದಾದರೆ ಮಾಡಿನ ನೀರು ಮಾತ್ರ, ಅದೂ ಮೊದಲ ಮಳೆಗಳ ಕೊಳೆ ತೊಳೆದುಹೋದ ಮೇಲೆ, ಸೂರಿನ ದಂಬೆಯಿಂದ (ನೀರು ಹರಿಯುವ ದೋಣಿಯಿಂದ) ಮರಳು, ಇದ್ದಿಲು ಮತ್ತು ಜಲ್ಲಿಯ ಸೋಸುತೊಟ್ಟಿ ದಾಟಿ ಹೋಗಬೇಕು. ಅಂಗಳದ, ಹಟ್ಟಿಯ, ರಸ್ತೆಯ ನೀರು ಬಾವಿಗೆ ಸಲ್ಲದು. ಶೌಚದ ಗುಂಡಿ ಮತ್ತು ಬಾವಿಯ ನಡುವೆ ಕಟ್ಟಡ ನಿಯಮ ಹೇಳುವ ಏಳೂವರೆ ಮೀಟರ್ ಅಂತರವನ್ನು ಇಂಗುಗುಂಡಿಯ ಜಾಗ ಹುಡುಕುವಾಗಲೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೇರಳದ 2019ರ ಕಟ್ಟಡ ನಿಯಮಗಳಲ್ಲಿ ಮಳೆಕೊಯ್ಲಿನ ವ್ಯವಸ್ಥೆ ಸೇರಿದೆ. ಹೊಸ ಮನೆ ಕಟ್ಟುವವರು ಅದನ್ನು ನಕ್ಷೆಯಲ್ಲಿ ತೋರಿಸಿ ಮರೆಯುವ ಬದಲು ನೆಲಕ್ಕೆ ಇಳಿಸಿದರೆ ಆಮೇಲಿನ ಖರ್ಚು ಉಳಿಯುತ್ತದೆ.

ನೆರೆಹೊರೆಯ ತಕರಾರಿನ ಬಗ್ಗೆ ಒಂದು ಮಾತು. 1882ರ ಅನುಭೋಗ ಹಕ್ಕುಗಳ (ಈಸ್ಮೆಂಟ್) ಕಾಯ್ದೆಯ ಏಳನೆಯ ಸೆಕ್ಷನ್ ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯುವುದನ್ನು ಮೇಲಿನವನ ಹಕ್ಕೆಂದು ಒಪ್ಪುತ್ತದೆ. ಸಹಜವಾಗಿ ಎಂಬ ಪದವೇ ಅಲ್ಲಿ ಮುಖ್ಯ. ಇಡೀ ಮಾಡಿನ ನೀರನ್ನು ಒಂದು ಪೈಪಿಗೆ ಕೂಡಿಸಿ ನೆರೆಯವನ ಪಾಗಾರದ ಬುಡಕ್ಕೆ ಬಿಡುವುದು ಆ ಪದದೊಳಗೆ ಸೇರುವುದಿಲ್ಲ.

ಒಂದು ಓಣಿಯ ಪಾಲುಪಟ್ಟಿ

ಸ್ಥಳೀಯ ಸಂಸ್ಥೆ ಶುಲ್ಕ ವಿಧಿಸಲಿ ಬಿಡಲಿ, ಖಾಸಗಿ ಓಣಿಯ ಅಥವಾ ಬಡಾವಣೆಯ ಸಮಿತಿ ತನ್ನ ಚರಂಡಿಯ ಖರ್ಚನ್ನು ಗಟ್ಟಿ ನೆಲದ ಆಧಾರದಲ್ಲಿ ಹಂಚಿಕೊಳ್ಳಲು ಯಾರ ಅನುಮತಿಯೂ ಬೇಡ, ಮನೆಯವರ ಒಪ್ಪಿಗೆ ಇದ್ದರೆ ಆಯಿತು. ಮನೆಗೆ ಇಷ್ಟು ಎಂದು ಸಮವಾಗಿ ವಸೂಲು ಮಾಡುವ ರೂಢಿ ಸುಲಭವಾದದ್ದೇನೋ ಹೌದು, ಆದರೆ ಅದರಲ್ಲಿ ಮಣ್ಣಂಗಳದ ಹಳೆಮನೆ ಹೊಸಮನೆಯ ನೀರಿಗೆ ದುಡ್ಡು ಕಟ್ಟುತ್ತದೆ.

ಓಣಿಯ ಎಲ್ಲ ಮನೆಗಳ ಗಟ್ಟಿ ನೆಲ ಸೇರಿ 1,800 ಚದರ ಮೀಟರ್, ವರ್ಷದ ಖರ್ಚು 18,000 ರೂಪಾಯಿ ಎಂದಿಟ್ಟುಕೊಂಡರೆ ಚದರ ಮೀಟರಿಗೆ ಹತ್ತು ರೂಪಾಯಿ ಬೀಳುತ್ತದೆ. 280 ಚದರ ಮೀಟರಿನವರದ್ದು 2,800 ರೂಪಾಯಿ. ಇಂಗಿಸಿಕೊಂಡ ನೆಲಕ್ಕೆ ಅರ್ಧ ರಿಯಾಯಿತಿ ಎಂದು ತೀರ್ಮಾನವಾದರೆ, 130 ಚದರ ಮೀಟರ್ ಮಾಡಿನ ನೀರನ್ನು ಗುಂಡಿಗೆ ಬಿಟ್ಟವರ ಲೆಕ್ಕ 215ಕ್ಕೆ ಇಳಿಯುತ್ತದೆ. ಆದರೆ ರಿಯಾಯಿತಿಗಳಿಂದ ಓಣಿಯ ಒಟ್ಟು 1,500ಕ್ಕೆ ಇಳಿದರೂ ಆ ವರ್ಷದ ಖರ್ಚು ಅಷ್ಟೇ ಇರುವುದರಿಂದ ದರ ಹನ್ನೆರಡು ರೂಪಾಯಿಗೆ ಏರುತ್ತದೆ. ಗುಂಡಿ ಮಾಡಿದವರು 2,580 ಕೊಡುತ್ತಾರೆ, ಏನನ್ನೂ ಮಾಡದ ಅಷ್ಟೇ ನೆಲದವರು 3,360. ಈ ಏರಿಕೆಯನ್ನು ಸಭೆಯಲ್ಲಿ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಎರಡನೆಯ ವರ್ಷ ಜಗಳವಾಗುತ್ತದೆ. ಶಾಲೆ, ಮಸೀದಿ, ದೈವಸ್ಥಾನ, ಅಂಗಡಿಸಾಲುಗಳ ದೊಡ್ಡ ಅಂಗಳಗಳನ್ನು ಪಟ್ಟಿಯಿಂದ ಬಿಡುವುದಾದರೆ ಅದನ್ನೂ ಬಾಯಿಮಾತಿನಲ್ಲಿ ಬಿಡದೆ, ಅವುಗಳ ಪಾಲು ಎಷ್ಟಿತ್ತೆಂದು ಬರೆದು ಬಿಡಬೇಕು.

ರಿಯಾಯಿತಿ ಒಮ್ಮೆ ಕೊಟ್ಟು ಮರೆಯುವಂಥದ್ದಲ್ಲ. ಗುಂಡಿಗಳು ಎರಡು ಮಳೆಗಾಲಕ್ಕೆ ಎಲೆ ಮತ್ತು ನುಣ್ಣನೆಯ ಮಣ್ಣಿನಿಂದ ಮುಚ್ಚಿಹೋಗುತ್ತವೆ. ಮಳೆ ಶುರುವಾಗುವ ಮೊದಲು, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ, ಸಮಿತಿಯ ಇಬ್ಬರು ಪ್ರತಿ ಹಿತ್ತಿಲಿಗೆ ಹೋಗಿ ಗುಂಡಿಯಲ್ಲಿ ಕೋಲಿಳಿಸಿ ಆಳ ನೋಡಬೇಕು, ತೊಟ್ಟಿಗಳ ಬಾಯಿಗೆ ಸೊಳ್ಳೆ ಹೋಗದಂತೆ ಬಲೆ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು, ಆ ವರ್ಷ ಹೊಸದಾಗಿ ಹಾಸಿದ ಅಂಗಳವಿದ್ದರೆ ಅಳೆದು ಪಟ್ಟಿಗೆ ಸೇರಿಸಬೇಕು. ಕೋಲು ಅರ್ಧದಲ್ಲೇ ನಿಂತರೆ ಆ ಮನೆಯ ರಿಯಾಯಿತಿ ಗುಂಡಿ ಹೂಳೆತ್ತುವವರೆಗೆ ತಡೆಯಲ್ಲಿರುತ್ತದೆ.